ಒರೆಯಿಲ್ಲದ ಕತ್ತಿ

ಅಂಚೆಚೀಟಿ ಕೂಡಿಹಾಕುವವನನ್ನು ಜನ ಬುದ್ಧಿವಂತನೆನ್ನುತ್ತಾರೆ. ಹಳೆಯ ನಾಣ್ಯ ಕೂಡಿಹಾಕುವವನನ್ನು ಅನುಕೂಲಸ್ಥನೆನ್ನುತ್ತಾರೆ. ಹಳೆಯ ಬಯೊನೆಟ್ಟುಗಳನ್ನು ಕೂಡಿಹಾಕುವವನನ್ನು ಏನೆನ್ನಬೇಕೆಂಬುದು ನಮ್ಮ ಕಾನಹೊಸಹಳ್ಳಿಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಮನೆಗೆ ಬೀಗರು ಬರುವ ದಿನ ನನ್ನ ಮಡದಿ ಆ ಕೋಣೆಗೆ ಬೀಗ ಹಾಕುತ್ತಾಳೆ.

ಬಯೊನೆಟ್ಟೆಂದರೆ ಕೋವಿಯ ಮೂತಿಗೆ ಸಿಕ್ಕಿಸುವ ಅಲಗು. ಫ್ರಾನ್ಸಿನ ಬಯೋನ್ ಎಂಬ ಊರಿನಿಂದ ಈ ಹೆಸರು ಬಂದಿತೆಂದು ಹೇಳುವರು. ಅದರಲ್ಲಿ ಹಿಡಿಯೂ ನೀಳವಾದ ಅಲಗೂ ಉಳ್ಳದ್ದು ಕತ್ತಿ-ಬಯೊನೆಟ್ಟು. ಕೋವಿಯಿಂದ ಬಿಡಿಸಿದರೆ ಕೈಗತ್ತಿ. ಆಂಗ್ಲರು 20ನೆಯ ಶತಮಾನದ ಆರಂಭದಲ್ಲಿ ತಮ್ಮ ಕೋವಿಯನ್ನು ಗಿಡ್ಡ ಮಾಡಿಕೊಂಡರು. ಕೋವಿ ಗಿಡ್ಡವಾದ ಮೇಲೆ ಎದುರಾಳಿಯ ಎದೆ ದೂರವಾಯಿತಲ್ಲ! ಆ ಕೊರತೆಯನ್ನು ತುಂಬಲು 1907ರ ಮಾದರಿಯ ಅಲಗನ್ನು 17 ಅಂಗುಲಕ್ಕೆ ಬೆಳೆಸಿದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅಷ್ಟುದ್ದದ ಅಲಗನ್ನು ತಿರುಗಿಸಲು ಜಾಗವಿರಲಿಲ್ಲ. ಸಿಪಾಯಿಗಳು ಅದರಿಂದ ಸೌದೆ ಸೀಳಿದರು, ಡಬ್ಬಿ ತೆರೆದರು, ರೊಟ್ಟಿ ಸುಟ್ಟರು.

ನನ್ನ ಸಂಗ್ರಹದ ಮೊದಲ ಅಲಗು ದೊರೆತದ್ದು ಅಂಗಡಿಯಲ್ಲಲ್ಲ, ಗುಡೇಕೋಟೆಯ ಕಡೆಯ ಒಂದು ಜಾಲಿಯ ಮರದಡಿಯಲ್ಲಿ. ಕುರಿಗಾಹಿಯೊಬ್ಬರು ಬಿದಿರಿನ ದೋಟಿಯಿಂದ ಸೊಪ್ಪು ಕಡಿದು ಕೆಡವುತ್ತಿದ್ದರು. ದೋಟಿಯ ತುದಿಯಲ್ಲಿದ್ದುದು ಕುಡುಗೋಲಲ್ಲ. ಕೋವಿಯ ಮೂತಿಗೆಂದು ಮಾಡಿದ ಉಂಗುರದಲ್ಲಿ ಬಿದಿರನ್ನು ತೂರಿಸಿ, ಹಿಡಿಗೆ ತಂತಿ ಸುತ್ತಿ ಬಿಗಿದಿದ್ದರು. ಕಾರ್ಖಾನೆಯವರೂ ಯೋಚಿಸಿದ್ದು ಇಷ್ಟನ್ನೇ ಅಲ್ಲವೆ? ಕೋಲಿನ ತುದಿಗೊಂದು ಅಲಗು.

"ಎಲ್ಲಿ ಸಿಕ್ಕಿತು ಯಜಮಾನರೇ?" ಎಂದೆ.

"ನಮ್ಮ ತಾತ ಸಂತ್ಯಾಗೆ ಗುಜರಿಯೋನತ್ರ ತಂದಿದ್ದು ಮೇಷ್ಟ್ರೇ. ನಿಮಗ್ಯಾಕೆ? ನಿಮ್ಮತ್ರ ಮ್ಯಾಕೆ ಇಲ್ಲವಲ್ಲ!"

ಹಣ ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ. ಕಮ್ಮಾರನಿಂದ ಒಳ್ಳೆಯ ಕುಡುಗೋಲೊಂದನ್ನು ಮಾಡಿಸಿಕೊಟ್ಟ ಮೇಲೆ, ಅದರಿಂದ ಎಂಟು ದಿನ ಸೊಪ್ಪು ಕಡಿದು ನೋಡಿ, ಅನಂತರವೇ ತಂತಿ ಬಿಚ್ಚಿದರು.

ಅಲಗಿನ ಬುಡದಲ್ಲಿ ಕಿರೀಟ, ದೊರೆಯ ಹೆಸರಿನ ಮೊದಲಕ್ಷರಗಳು, ಕೆಳಗೆ 1907 ಎಂಬ ಅಂಕಿ. ಗುಜರಿಯವರು ಇದನ್ನು ತಯಾರಾದ ವರ್ಷವೆಂದು ಹೇಳಿ ಮಾರುತ್ತಾರೆ. ಅದು ಮಾದರಿಯ ವರ್ಷ. ತಯಾರಾದ ತಿಂಗಳೂ ವರ್ಷವೂ ಅದರಡಿಯಲ್ಲಿ ಸಣ್ಣದಾಗಿರುತ್ತವೆ. ನನ್ನದರಲ್ಲಿ 17 ಎಂದಿದೆ, ಎಂದರೆ 1917. ಇನ್ನೊಂದು ಮಗ್ಗುಲಿನಲ್ಲಿ ಗುಣಾಕಾರದ ಚಿಹ್ನೆ: ಅಲಗನ್ನು ಬಾಗಿಸಿ ಪರೀಕ್ಷಿಸಿದ್ದರ ಗುರುತು. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದವುಗಳ ಮೇಲೆ ಆರ್.ಎಫ್.ಐ. ಎಂದಿರುತ್ತದೆ. ಇವೆಲ್ಲ ಉಳಿಯಬೇಕಾದರೆ ಉಜ್ಜಬಾರದು. ಕೂಡ್ಲಿಗಿ ಸೀಮೆಯಲ್ಲಿ ಹುಣಸೆಗೆ ಬರವೇ? ಹಬ್ಬ ಬಂದಿತೆಂದರೆ ಹುಣಸೆಹಣ್ಣಿನ ಉಂಡೆ ಹಿಡಿದ ಮನೆಯವರಿಂದ ಈ ಅಕ್ಷರಗಳನ್ನು ಕಾಪಾಡುವುದೇ ನನ್ನ ದೊಡ್ಡ ಯುದ್ಧ.

ಅಲಗು ಸಿಕ್ಕೀತು, ಒರೆ ಸಿಕ್ಕುವುದು ದುರ್ಲಭ. ಈ ಮಾದರಿಯ ಒರೆ ತೊಗಲಿನದು. ಬಾಯಿಗೂ ತುದಿಗೂ ಮಾತ್ರ ಉಕ್ಕಿನ ಕಟ್ಟು. ನಮ್ಮ ಬಿಸಿಲಿಗೆ ತೊಗಲು ಸೆಟೆದು ಬಿರಿಯುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಒಳಗಿನ ಅಲಗಿಗೇ ತುಕ್ಕು ಹಿಡಿಸುತ್ತದೆ. ಆದ್ದರಿಂದ ತಿಳಿದವರು ಎರಡನ್ನೂ ಬೇರೆಬೇರೆಯಾಗಿಯೇ ಇಡುತ್ತಾರೆ: ಎಷ್ಟೋ ವರ್ಷ ಹುಡುಕಿ ಕೂಡಿಸಿದ ಜೋಡಿಯನ್ನು ಮತ್ತೆ ಅಗಲಿಸಬೇಕಾದ ವಿಚಿತ್ರ ಸಂಸಾರ! ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಕೊನೆಗೊಂದು ಒರೆ ದೊರೆಯಿತು. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವೆಂದು ಗಾದೆ. ನನ್ನಲ್ಲೀಗ ಮೂರು ಕತ್ತಿಗಳಿಗೆ ಒಂದೇ ಒರೆ.

ಆಯುಧವೆಂದ ಮೇಲೆ ಸರಕಾರದ ನೆನಪಿರಬೇಕು. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂಬ ಆಜ್ಞೆಗೆ ಹಲಗಲಿಯ ಬೇಡರು ಸಿಡಿದೆದ್ದ ನಾಡಿದು. 1959ರ ಕಾಯಿದೆಯ ನಿಯಮಗಳಲ್ಲಿ ಕತ್ತಿ, ಈಟಿಗಳ ಸಾಲಿನಲ್ಲಿ ಬಯೊನೆಟ್ಟಿನ ಹೆಸರೂ ಇದೆ. ನಾನು ಬೇಡರಷ್ಟು ಧೀರನಲ್ಲ. ಪಟ್ಟಿಯೊಂದನ್ನು ಬರೆದು ಠಾಣೆಗೆ ಕೊಟ್ಟಿದ್ದೇನೆ.

ಠಾಣೆಗಿಂತ ಕಠಿಣವಾದ ವಿಚಾರಣೆ ಮನೆಯಲ್ಲಿ ನಡೆಯಿತು. ಆಯುಧಪೂಜೆಯಂದು ನನ್ನ ತಾಯಿ ಈಳಿಗೆಮಣೆಗೂ ಗುದ್ದಲಿಗೂ ಮಗನ ಮೋಟಾರಿಗೂ ಕುಂಕುಮವಿಟ್ಟರು. ಈ ಅಲಗಿನ ಮುಂದೆ ಬಂದು ನಿಂತರು.

"ಇದು ಯಾರ ಜೀವ ತೆಗೆದೈತೋ, ಹೇಳಪ್ಪಾ."

ನಾನು 1917 ಎಂದೆ, ಹತ್ತು ಲಕ್ಷಕ್ಕೂ ಮಿಕ್ಕಿ ಭಾರತೀಯರು ಆ ಯುದ್ಧಕ್ಕಾಗಿ ಕಡಲಾಚೆ ಹೋದರೆಂದೆ. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಎಷ್ಟೋ ಗುರುತುಗಳಿರುವ ಅಲಗಿನ ಮೇಲೆ ಆ ಒಂದು ಸಂಗತಿಗೆ ಗುರುತಿಲ್ಲ. ನಾಲ್ಕು ವರ್ಷ ಅವರು ಅದನ್ನು ಪೂಜೆಗೆ ಸೇರಿಸಲಿಲ್ಲ.

ಹೋದ ವರ್ಷ ಹಬ್ಬದ ದಿನ ಆ ಕುರಿಗಾಹಿ ಬನ್ನಿ ಹಿಡಿದು ಬಂದರು. ತಾಯಿ ಅವರನ್ನೂ ಅದೇ ಮಾತು ಕೇಳಿದರು.

"ನನಗ್ಯಾಂಗ ಗೊತ್ತಾಗ್ಬೇಕವ್ವಾ? ನಮ್ಮತ್ರ ಇರೋಗಂಟ ಮೂರು ತಲಿ ಮ್ಯಾಕೆಗೆ ಸೊಪ್ಪು ಹಾಕೈತಿ."

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬೆರಳನ್ನು ಕುಂಕುಮದ ಬಟ್ಟಲಲ್ಲಿ ಅದ್ದಿ ಹಿಡಿಗೆ ಬೊಟ್ಟಿಟ್ಟರು. ಅಲಗಿಗೆ ಇಡಲಿಲ್ಲ.