ರಾಜಿಯ ದುಡ್ಡು ಎಲ್ಲಿಂದ?

24 ಆಗಸ್ಟ್ 2025, ಭಾನುವಾರ, ಕುಡುಮಲಕುಂಟೆ

ಭಾನುವಾರ ಇಲ್ಲಿಯ ಫ್ಯಾಕ್ಟರಿಗಳಿಗೆ ರಜೆ, ಹಾಗಾಗಿ ನನಗೆ ರಜೆ ಇಲ್ಲ. ತಿಂಡಿ ಮುಗಿಯುವ ಮೊದಲೇ ಜಗಲಿ ತುಂಬಿತ್ತು. ಎಲ್ಲರ ಕೈಯಲ್ಲೂ ಸೆಪ್ಟೆಂಬರ್ 13ರ ರಾಷ್ಟ್ರೀಯ ಲೋಕ ಅದಾಲತ್‌ನ ನೋಟಿಸು. "ಲಾಯರಮ್ಮಾ, ಕೋರ್ಟಿಂದ ಕಾಗ್ದ ಬಂದೈತೆ. ಪೊಲೀಸ್ನೋರು ಬರ್ತಾರಾ?" ಹೆಚ್ಚಿನವು ವ್ಯಾಜ್ಯಪೂರ್ವ ನೋಟಿಸುಗಳು, ಅಂದರೆ ಇನ್ನೂ ಕೇಸೇ ಹಾಕಿಲ್ಲ. ಬಂದು ಮಾತಾಡಿ ಎಂಬ ಕರೆ ಅಷ್ಟೆ. ಹೋಗದಿದ್ದರೆ ವಾರಂಟ್ ಹೊರಡುವುದಿಲ್ಲ. ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ. ಮೊಹರು ಕಂಡ ಮೇಲೆ ಮಾತು ತಲೆಗೆ ಇಳಿಯುವುದು ಕಷ್ಟ. ಆ ಮೊಹರಿನ ಹೆದರಿಕೆಯನ್ನೇ ನೆಚ್ಚಿಕೊಂಡು ಪಟ್ಟಿ ಕಳಿಸುವ ಫೈನಾನ್ಸುಗಳೂ ಇವೆ ಎಂಬುದು ನನ್ನ ಬಹಳ ದಿನದ ಅನುಮಾನ.

ಯಾರ ಸಾಲದ ಲೆಕ್ಕವನ್ನೂ ಕೇಳಲಿಲ್ಲ. ಗೌರಿಬಿದನೂರಿನ ಕೋರ್ಟಿನಲ್ಲಿ ಸಂಧಾನಕಾರಳಾಗಿ ಕೂರುವವಳು ಮನೆಯ ಜಗಲಿಯಲ್ಲೇ ಒಬ್ಬರ ಕಡೆಯವಳಾಗುವ ಹಾಗಿಲ್ಲ. ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆ ಬರೆದುಕೊಟ್ಟೆ. ಈ ಪುಸ್ತಕದಲ್ಲೂ ಯಾರ ಹೆಸರನ್ನೂ ಬರೆಯುವುದಿಲ್ಲ.

28 ಆಗಸ್ಟ್, ಗುರುವಾರ

ನಿನ್ನೆ ಗಣೇಶನ ಹಬ್ಬ, ಇವತ್ತು ಪೂರ್ವಭಾವಿ ಬೈಠಕ್. ಜುಲೈ 1ರಿಂದ ದೇಶದಾದ್ಯಂತ 90 ದಿನಗಳ ಮಧ್ಯಸ್ಥಿಕೆ ಅಭಿಯಾನ ಬೇರೆ ನಡೆಯುತ್ತಿದೆ. ಚೆಕ್ ಬೌನ್ಸ್ ಕಡತಗಳು ಮೇಜಿನ ಮೇಲೆ ಗೋಡೆ ಕಟ್ಟಿವೆ.

ಒಂದೇ ಕಡತ ಇಡೀ ಮಧ್ಯಾಹ್ನ ತಿಂದಿತು. ಗೂಡ್ಸ್ ಆಟೋ ಸಾಲ. ಕಂತು ನಿಂತಾಗ ಗಾಡಿ ಎತ್ತಿಕೊಂಡು ಹೋದರು, ಹರಾಜು ಹಾಕಿದರು. ಹರಾಜಿನಲ್ಲಿ ಬಂದದ್ದು ಸಾಲಕ್ಕೆ ಸಾಲದೆ ಉಳಿದ ಬಾಕಿಗೆ, ಸಾಲ ಕೊಡುವಾಗ ಸಹಿ ಮಾಡಿಸಿಟ್ಟುಕೊಂಡಿದ್ದ ಖಾಲಿ ಚೆಕ್ಕುಗಳಲ್ಲಿ ಒಂದನ್ನು ತುಂಬಿ ಬ್ಯಾಂಕಿಗೆ ಹಾಕಿದರು. ಈಗ ಚೆಕ್ ಬೌನ್ಸಿನ 138ನೇ ಕಲಮಿನ ಕೇಸು. ಬಡ್ಡಿ ಸೇರಿ 1,92,000. ಗಂಡ ಈಗ ಫ್ಯಾಕ್ಟರಿಯ ಪಿಕಪ್ ಗಾಡಿಗೆ ಡ್ರೈವರ್, ಹೆಂಡತಿ ಹೊಲಿಗೆ ಘಟಕದಲ್ಲಿ. ಇಬ್ಬರದೂ ಸೇರಿ ತಿಂಗಳಿಗೆ 28,500. ಮನೆಯಲ್ಲಿ ಎರಡು ಸಂಘದ ಸಾಲ ಬೇರೆ.

ಕಂಪನಿಯ ವಕೀಲರು 1,20,000 ಎಂದರು, ಮೂರು ಕಂತು. ಆತ ತಲೆ ಎತ್ತದೆ, "ಆಯ್ತು ಸಾರ್, ಕಟ್ಟಿಬಿಡ್ತೀನಿ" ಎಂದ. ಎಲ್ಲರ ಮುಖದಲ್ಲೂ ಸಮಾಧಾನ. ಒಂದು ಕೇಸು ಇತ್ಯರ್ಥವಾದಂತೆ.

ನಾನು ಕೇಳಿದೆ: "ತಿಂಗಳಿಗೆ 40,000 ಎಲ್ಲಿಂದಪ್ಪಾ?"

ಆತ ಸುಮ್ಮನಿದ್ದ. ಹೆಂಡತಿ ಬಾಯಿಬಿಟ್ಟಳು: "ಊರಲ್ಲಿ ಒಬ್ರು ಮೂರು ರೂಪಾಯಿ ಬಡ್ಡಿಗೆ ಕೊಡ್ತೀನಿ ಅಂದವ್ರೆ ಮೇಡಂ."

ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ 36. ಹೀಗಾದರೆ ಸಾಲ ತೀರುವುದಿಲ್ಲ, ಪರವಾನಗಿ ಇರುವ ಕಂಪನಿಯಿಂದ ಪರವಾನಗಿ ಇಲ್ಲದ ಕೈಗೆ ಹೋಗುತ್ತದೆ, ಬಡ್ಡಿಯೂ ನಿಲ್ಲುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ಮಾತ್ರ ಬಾಕಿ ಇಲ್ಲ. ಲೋಕ ಅದಾಲತ್‌ನ ಲೆಕ್ಕದಲ್ಲಿ ರಾಜಿ ಒಂದು. ಈ ಪ್ರಶ್ನೆ ಕೇಳುವುದು ಸಂಧಾನಕಾರಳ ಕೆಲಸವಲ್ಲ, ಇಬ್ಬರೂ ಒಪ್ಪಿದ ಮೇಲೆ ನಿಮಗೇನು ಎಂದು ಹಿರಿಯ ವಕೀಲರೊಬ್ಬರು ಹೊರಗೆ ಬಂದ ಮೇಲೆ ನಗುತ್ತಲೇ ಹೇಳಿದರು. ನನಗೆ ಅದೇ ಮೊದಲ ಕೆಲಸ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಮಿನ ಪ್ರಕಾರ ಇಲ್ಲಿ ಹಾಕಿದ ಸಹಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಚೆಕ್ ಕೇಸಿನಲ್ಲಿ ಆದ ರಾಜಿಯನ್ನೂ ಡಿಕ್ರಿಯಂತೆ ಜಾರಿ ಮಾಡಿಸಬಹುದೆಂದು ಸುಪ್ರೀಂ ಕೋರ್ಟು 2011ರಲ್ಲಿ, ಗೋವಿಂದನ್ ಕುಟ್ಟಿ ಮೆನನ್ ಪ್ರಕರಣದಲ್ಲಿ ಹೇಳಿದೆ. ಕೇಸು ಸೋತವನಿಗಾದರೂ ಮೇಲಿನ ಕೋರ್ಟು ಉಂಟು. ಕಟ್ಟಲಾಗದ ಮೊತ್ತಕ್ಕೆ ರಾಜಿ ಆದವನಿಗೆ ಅದೂ ಇಲ್ಲ.

ಸೆಪ್ಟೆಂಬರ್ 6ಕ್ಕೆ ಮತ್ತೆ ಬನ್ನಿ ಎಂದೆ. ಇಬ್ಬರೂ ಗೊಣಗಿದರು. ಗೊಣಗಲಿ.

2 ಸೆಪ್ಟೆಂಬರ್, ಮಂಗಳವಾರ

ಮೂರು ರೂಪಾಯಿ ಬಡ್ಡಿಯವರ ವಿಷಯ ತಲೆಯಿಂದ ಹೋಗಿಲ್ಲ. ಕಾನೂನಿಗೇನೂ ಬರವಿಲ್ಲ. ಮಿತಿಮೀರಿದ ಬಡ್ಡಿ ವಿಧಿಸುವುದನ್ನು ನಿಷೇಧಿಸಿದ ಕಾಯ್ದೆ 2004ರದು. ಈ ವರ್ಷದ ಜನವರಿಯಲ್ಲಿ ಮೈಕ್ರೋಫೈನಾನ್ಸ್ ಕಾಟದ ಸಾವುಗಳ ಸುದ್ದಿ ದಿನವೂ ಬಂತು. ಹಾವೇರಿ ಕಡೆಯ ಹೆಂಗಸರು ಮಾಂಗಲ್ಯ ಉಳಿಸಿ ಎಂದು ಮುಖ್ಯಮಂತ್ರಿಗೆ ಮೊರೆಯಿಟ್ಟರು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿದ್ದ ಸುಗ್ರೀವಾಜ್ಞೆ ಫೆಬ್ರವರಿ 12ಕ್ಕೆ ಹೊರಬಿತ್ತು. ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಾಲ ಕೊಟ್ಟವರ, ಪಡೆದವರ ನಡುವೆ ಮಧ್ಯಸ್ಥಿಕೆಗೆ ಓಂಬುಡ್ಸ್‌ಮನ್ ನೇಮಿಸುವ ಅವಕಾಶವೂ ಅದರಲ್ಲಿದೆ. ಆದರೆ ಆಟೋ ಸಾಲದ ಆ ಹೆಣ್ಣುಮಗಳು ಮೂರು ರೂಪಾಯಿಯವರ ಮೇಲೆ ದೂರು ಕೊಡುವಳೇ? ಮುಂದಿನ ಸಲ ಮಗುವಿಗೆ ಡೆಂಗ್ಯೂ ಬಂದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆಯುವುದು ಅವರೇ.

ಹಳೆಯ ಮೈಸೂರು ಸಂಸ್ಥಾನದಲ್ಲೂ 1937ರಲ್ಲಿ ಸಾಲ ಸಂಧಾನದ ಕಾಯ್ದೆಯೊಂದು ಬಂದಿತ್ತು, ನಮ್ಮ ಗೌರಿಬಿದನೂರು ಕೋಲಾರ ಜಿಲ್ಲೆಯಲ್ಲಿದ್ದ ಕಾಲ. ಮಧ್ಯಪ್ರಾಂತದ 1933ರ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವಿತ್ತು: ಸಾಲಗಾರ ನ್ಯಾಯವಾದ ಮೊತ್ತಕ್ಕೆ ಸಿದ್ಧನಿದ್ದೂ ಸಾಲ ಕೊಟ್ಟವನು ಒಲ್ಲೆನೆಂದರೆ, ಸಂಧಾನ ಮಂಡಳಿ ಸಾಲಗಾರನಿಗೆ ಹಾಗೆಂದು ಒಂದು ಪ್ರಮಾಣಪತ್ರ ಕೊಡುತ್ತಿತ್ತು. ಆಮೇಲೆ ಕೋರ್ಟಿಗೆ ಹೋದ ಧಣಿಗೆ ಖರ್ಚೂ ಇಲ್ಲ, ನೂರಕ್ಕೆ ಆರರ ಮೇಲೆ ಬಡ್ಡಿಯೂ ಇಲ್ಲ. ಇಂದು ನನ್ನ ಕೈಯಲ್ಲಿ ಅಂಥ ಅಸ್ತ್ರ ಯಾವುದೂ ಇಲ್ಲ. ಇರುವುದು ಚಹಾ ತರಿಸಿ ಕೂರಿಸಿಕೊಳ್ಳುವ ಅಧಿಕಾರ.

6 ಸೆಪ್ಟೆಂಬರ್, ಶನಿವಾರ

ಇವತ್ತು ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸಿದೆ. ವಕೀಲರಿಗಿಂತ ಹೆಚ್ಚು ಉಪಯೋಗಕ್ಕೆ ಬಂದವನು ಅವರ ಜೊತೆ ಫೈಲು ಹಿಡಿದು ಬಂದಿದ್ದ ಕಲೆಕ್ಷನ್ ಹುಡುಗ. ಬಾಗೇಪಲ್ಲಿ ಕಡೆಯವನು, ಇಪ್ಪತ್ನಾಲ್ಕು ಇರಬಹುದು. ಯಾರ ಮನೆಗೆ ಯಾವ ತಾರೀಕಿಗೆ ದುಡ್ಡು ಬರುತ್ತದೆಂಬುದು ಅವನಿಗೆ ಬಾಯಿಪಾಠ. "ಅವ್ರಿಗೆ ಸಂಬ್ಳ ಹತ್ತನೇ ತಾರೀಕು ಮೇಡಂ, ನಮ್ ಕಂತು ಐದಕ್ಕೆ. ಪ್ರತಿ ತಿಂಗ್ಳೂ ಐದಕ್ಕೆ ಬೌನ್ಸು, ಅದಕ್ಕೊಂದು ಚಾರ್ಜು." ಇಷ್ಟು ಗೊತ್ತಿದ್ದೂ ತಾರೀಕು ಬದಲಿಸಲಿಲ್ಲವೇ ಎಂದರೆ, ಸಿಸ್ಟಮ್‌ನಲ್ಲಿ ಐದೇ ಇರೋದು ಎಂದ. ಬೌನ್ಸ್ ಚಾರ್ಜುಗಳನ್ನು ಕೂಡಿಸಿ ನೋಡಿದೆವು, ವಕೀಲರೂ ಹುಬ್ಬೇರಿಸಿದರು. ಮಾತು ಸಡಿಲವಾದದ್ದು ಅಲ್ಲಿಂದ.

ಆ ಹುಡುಗನ ಇನ್ನೊಂದು ಮಾತು ಬರೆದಿಡಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಹೋಗುವಂತಿಲ್ಲ. ಒಳ್ಳೆಯದೇ. ಆದರೆ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹೆಂಗಸು ಬೆಳಿಗ್ಗೆ ಎಂಟಕ್ಕೆ ಕಂಪನಿ ಬಸ್ಸು ಹತ್ತಿದರೆ ಮನೆ ಸೇರುವುದು ಆರೂವರೆಗೆ. ನಿಯಮ ಪಾಲಿಸುವ ಹುಡುಗನಿಗೆ ಸಿಗುವುದು ಅತ್ತೆ ಮತ್ತು ಬೀಗ. ಹಾಗಾಗಿ ಅವನ ಜೊತೆಯವರು ಫ್ಯಾಕ್ಟರಿ ಗೇಟಿಗೆ ಹೋಗಿ ನಿಲ್ಲುತ್ತಾರೆ. ನಾಲ್ಕು ಜನರೆದುರು ಹೆಸರು ಕೂಗಿಸಿಕೊಂಡವಳು ಮಾರನೇ ದಿನ ಕೆಲಸಕ್ಕೇ ಹೋಗುವುದಿಲ್ಲ. ಆ ದಿನದ ಕೂಲಿಯೂ ಹೋಯಿತು, ಕಂತೂ ಹೋಯಿತು. ಗೇಟಿನಲ್ಲಿ ಮಾನ ತೆಗೆಯುವುದೂ ನಿಯಮಕ್ಕೆ ವಿರುದ್ಧವೇ. ಹುಡುಗನಿಗೆ ಅದು ಗೊತ್ತು. ಅವನಿಗೆ ಟಾರ್ಗೆಟ್ಟೂ ಗೊತ್ತು.

ಸಂಜೆ ಐದರ ಹೊತ್ತಿಗೆ, ಬೆಂಗಳೂರಿನ ಆಫೀಸಿಗೆ ಹಲವು ಫೋನುಗಳಾದ ಮೇಲೆ ಲೆಕ್ಕ ಕುದುರಿತು. ಒಟ್ಟು 90,000. ಅಕ್ಟೋಬರ್‌ನಿಂದ ಮುಂದಿನ ವರ್ಷದ ಡಿಸೆಂಬರ್‌ವರೆಗೆ ತಿಂಗಳಿಗೆ 5,000, ಹದಿನೈದು ಕಂತು. ಮಿಕ್ಕ 15,000 ಈ ನವೆಂಬರ್ ಕೊನೆಗೆ, ಮಾವನ ಒಂದೆಕರೆ ಮುಸುಕಿನ ಜೋಳ ಮಂಡಿಗೆ ಹೋದ ಮೇಲೆ. ಕಂತು ಹನ್ನೆರಡನೇ ತಾರೀಕಿಗೆ, ಫೋನ್‌ನಲ್ಲೇ. ಯಾರೂ ಮನೆಗಾಗಲಿ ಗೇಟಿಗಾಗಲಿ ಬರುವಂತಿಲ್ಲ.

ಕಂಪನಿಗೆ ನಷ್ಟವೇ? ಹಾಗೆ ನನಗನ್ನಿಸುವುದಿಲ್ಲ. ಬಾರದ 1,92,000ಕ್ಕಿಂತ ಬರುವ 90,000 ಮೇಲೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

13 ಸೆಪ್ಟೆಂಬರ್, ಶನಿವಾರ

ಜಾತ್ರೆ. ಕೋರ್ಟಿನ ಆವರಣದಲ್ಲಿ ಶಾಮಿಯಾನ, ಬ್ಯಾಂಕುಗಳ ಸಾಲು ಮೇಜು.

ರಾಜಿ ಪತ್ರದ ಕರಡು ಓದಿದಾಗ ಏಳನೇ ಷರತ್ತಿನಲ್ಲಿ ಸಿಕ್ಕಿತು: ಒಂದು ಕಂತು ತಪ್ಪಿದರೂ ರಿಯಾಯಿತಿ ರದ್ದು, ಪೂರ್ತಿ 1,92,000 ಬಡ್ಡಿಸಮೇತ. ಯಾರೂ ಬೇಕೆಂದು ಹಾಕಿದ್ದಲ್ಲ, ಅಚ್ಚು ಹಾಕಿಟ್ಟ ನಮೂನೆಯಲ್ಲಿ ಸದಾ ಇರುವ ಸಾಲು. ಒಂದು ಕಂತಿನ ಬದಲು ಸತತ ಎರಡು ಕಂತು, ಅದೂ ಬರವಣಿಗೆಯಲ್ಲಿ ತಿಳಿಸಿ ಹದಿನೈದು ದಿನ ಕಾದ ಮೇಲೆ, ಎಂದು ತಿದ್ದಿಸಿಕೊಂಡೆವು. ಉಳಿದ ಖಾಲಿ ಚೆಕ್ಕುಗಳನ್ನು ಅಲ್ಲೇ ವಾಪಸು ಕೊಡಬೇಕೆಂದೂ ಸೇರಿಸಿದೆವು. ಒಂದು ಕಹಿ ಸಂಗತಿಯನ್ನು ದಂಪತಿಗೆ ಸಹಿಗೆ ಮುಂಚೆಯೇ ಹೇಳಿದೆ: ಸಿಬಿಲ್‌ನಲ್ಲಿ ಇದು ಪೂರ್ತಿ ತೀರಿದ ಸಾಲವೆಂದಲ್ಲ, ರಾಜಿಯಲ್ಲಿ ಮುಗಿದ ಸಾಲವೆಂದು ಬರುತ್ತದೆ, 2023ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಸಾಲ ಕೊಟ್ಟ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ಹೆಂಡತಿ, "ಅಷ್ಟ್ ದಿನ ಯಾರೂ ಕೊಡ್ದಿದ್ರೆ ಒಳ್ಳೇದೇ" ಎಂದಳು. ಗಂಡ ಅವಳ ಕಡೆ ನೋಡಿದ ರೀತಿ ನೋಡಿದರೆ ಮನೆಯಲ್ಲಿ ಇನ್ನೊಂದು ಸುತ್ತಿನ ಮಾತುಕತೆ ಇದೆ.

ಮಧ್ಯಾಹ್ನದ ಮೇಲೆ ಒಂದು ಅಸಲು ದಾವೆ. ಅಣ್ಣನ ಮಗನ ಸಾಲಕ್ಕೆ ಜಾಮೀನು ಹಾಕಿದ ಅಜ್ಜಿ. ಅವನು ಊರು ಬಿಟ್ಟಿದ್ದಾನೆ. ಅಜ್ಜಿ ಬಂದವಳೇ ಬೊಕ್ಕಣದಿಂದ 2,000 ತೆಗೆದು ಮೇಜಿನ ಮೇಲಿಟ್ಟು, "ಇಷ್ಟಿಸ್ಕೊಂಡು ಬಿಟ್ಬುಡಿ, ಜೈಲಿಗೆ ಹೋಗಾಕಾಗಲ್ಲ" ಎಂದಳು. ಯಾರೋ ಹಾಗೆ ಹೆದರಿಸಿದ್ದಾರೆ. ಹಣದ ಡಿಕ್ರಿ ಜಾರಿಯಲ್ಲಿ ಹೆಂಗಸನ್ನು ಬಂಧಿಸುವಂತಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು. ಹೇಳಿದೆ. ಆಕೆ ನೋಟುಗಳನ್ನು ಹಾಗೆಯೇ ಮಡಚಿ ಒಳಗಿಟ್ಟುಕೊಂಡು, "ಹಂಗಾರೆ ನಾನ್ ಒಪ್ಪಲ್ಲ. ಪಿಂಚಣಿ ಕಾಗ್ದ ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡ್ರು" ಎಂದಳು.

ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಎಂಬುದು 1872ರಷ್ಟು ಹಳೆಯ ಕಾನೂನು. ಆದರೆ ಹೆಬ್ಬೆಟ್ಟು ಮೋಸದಿಂದ ಪಡೆದದ್ದಾದರೆ ಮಾತು ಬೇರೆ, ಅದಕ್ಕೆ ಸಾಕ್ಷಿ ಬೇಕು, ತೀರ್ಪು ಬೇಕು. ಲೋಕ ಅದಾಲತ್‌ಗೆ ತೀರ್ಪು ಕೊಡುವ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟು ಜಲೌರ್ ಸಿಂಗ್ ಪ್ರಕರಣದಲ್ಲಿ 2008ರಲ್ಲೇ ಸ್ಪಷ್ಟಪಡಿಸಿದೆ. ಫೈನಾನ್ಸಿನವರು 20,000ಕ್ಕೆ ಇಳಿದರು, ಹತ್ತಕ್ಕೂ ಇಳಿಯುತ್ತಿದ್ದರೇನೋ. ನಾನು ಒತ್ತಾಯಿಸಲಿಲ್ಲ. ರಾಜಿ ಆಗಿಲ್ಲ ಎಂದು ಬರೆದು ಕಡತ ಕೋರ್ಟಿಗೆ ವಾಪಸು.

15 ಸೆಪ್ಟೆಂಬರ್, ಸೋಮವಾರ

ಅಜ್ಜಿಯ ದಾವೆಯಲ್ಲಿ ನಾನು ವಕಾಲತ್ತು ಹಾಕುವ ಹಾಗಿಲ್ಲ, ಸಂಧಾನಕ್ಕೆ ಕೂತವಳು. ಆದರೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಬೆಳಿಗ್ಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಗುಮಾಸ್ತರು ಅರ್ಜಿ ತುಂಬಿಸಿದರು. ಹೆಬ್ಬೆಟ್ಟು ಒತ್ತುವ ಮೊದಲು ಇದು ಯಾವ ಕಾಗದ ಎಂದು ಅಜ್ಜಿ ಪೂರ್ತಿ ಓದಿಸಿ ಕೇಳಿದಳು. ಆಮೇಲೆ ಇನ್ನೊಬ್ಬರಿಂದಲೂ ಓದಿಸಿದಳು. ಗುಮಾಸ್ತರಿಗೆ ಊಟದ ಹೊತ್ತು ಮೀರಿತು.