ನಿಂತ ಗಾಡಿಯ ಉಳಿತಾಯ

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದಾಗ ದೊಡ್ಡವರ ಪ್ರವೇಶದರ ಮೂರೂವರೆ ಡಾಲರ್ ಇತ್ತು. ಒಳಗಿನ ಆಟಗಳಿಗೆ ಬೇರೆ ಚೀಟಿ ಕೊಳ್ಳಬೇಕಿತ್ತು, ನಿಜ. ಆದರೂ ನಾಲ್ಕು ಮಕ್ಕಳಿದ್ದ ಕಾರ್ಖಾನೆ ಕೆಲಸಗಾರನೊಬ್ಬ ಧೈರ್ಯ ಮಾಡಬಹುದಾದ ಮೊತ್ತ ಅದು. ಇವತ್ತು ಅಲ್ಲಿನ ಒಂದು ದಿನದ ಟಿಕೆಟ್ಟಿಗೆ, ಯಾವ ದಿನ ಎಂಬುದನ್ನು ನೋಡಿಕೊಂಡು, 119 ಡಾಲರಿನಿಂದ 200ರ ಆಸುಪಾಸಿನವರೆಗೆ ತೆರಬೇಕು. ಮೂರು ವರ್ಷ ತುಂಬದ ಕೂಸುಗಳಿಗೆ ಮಾತ್ರ ವಿನಾಯಿತಿ. ಹತ್ತು ತುಂಬಿದರೆ ಮಗುವೂ ದೊಡ್ಡವರ ಲೆಕ್ಕಕ್ಕೆ ಬಂತು.

ಈ ಟಿಕೆಟ್ಟಿನ ಮುಂದೆ ಚೌಕಾಸಿ ನಡೆಯುವುದಿಲ್ಲ. ಹಾಗಾಗಿ ಅಮೆರಿಕದಲ್ಲಿ ಥೀಮ್ ಪಾರ್ಕಿಗೆ ಹೊರಡುವ ಮಧ್ಯಮ ವರ್ಗದ ಮನೆಗಳಲ್ಲಿ ಉಳಿತಾಯದ ಮಾತೆಲ್ಲ ಮೂರು ಕಡೆ ಸುತ್ತುತ್ತದೆ: ಮಲಗುವುದೆಲ್ಲಿ, ತಿನ್ನುವುದೇನು, ಗಾಡಿ ನಿಲ್ಲಿಸುವುದೆಲ್ಲಿ. ಈ ಮೂರಕ್ಕೂ ಒಂದೇ ಏಟಿನಲ್ಲಿ ಉತ್ತರ ಕೊಡುವಂತೆ ಕಾಣುವುದು ಬಾಡಿಗೆ ಕ್ಯಾಂಪರ್. ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡ ಗಾಡಿ.

ಜನ ಸೇರುವ ಕಡೆಗೆ ಮನೆಯನ್ನೇ ಕಟ್ಟಿಕೊಂಡು ಹೊರಡುವುದು ಕನ್ನಡಿಗರಿಗೆ ಹೊಸದೇನಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಯ ಹೊತ್ತಿಗೆ ಚಕ್ಕಡಿ ಕಟ್ಟಿಕೊಂಡು ಬರುವವರು ರೊಟ್ಟಿ, ಹಿಟ್ಟು, ಎಣ್ಣೆ, ಪಾತ್ರೆಗಳ ಜೊತೆಗೇ ಬರುತ್ತಾರೆ. ಎತ್ತು ಬಿಚ್ಚಿದ ಮೇಲೆ ಚಕ್ಕಡಿಯ ನೆರಳೇ ಬಿಡಾರ, ಮೂರು ಕಲ್ಲಿನ ಒಲೆಯೇ ಅಡುಗೆಮನೆ. ಅಮೆರಿಕದ ದೊಡ್ಡ ಕ್ಯಾಂಪ್‌ಗ್ರೌಂಡ್ ಸಂಸ್ಥೆ ಕೆಓಎ ಹುಟ್ಟಿದ್ದೂ ಒಂದು ಜಾತ್ರೆಯ ದಾರಿಯಲ್ಲೇ. 1962ರಲ್ಲಿ ಸಿಯಾಟಲ್‌ನಲ್ಲಿ ವಿಶ್ವ ಮೇಳ ನಡೆದಾಗ ಮೊಂಟಾನಾದ ಬಿಲ್ಲಿಂಗ್ಸ್ ಊರಿನ ಮೇಲೆ ಹಾದುಹೋಗುತ್ತಿದ್ದ ಕುಟುಂಬಗಳು ರಾತ್ರಿ ತಂಗಲು ಜಾಗ ಹುಡುಕುವುದನ್ನು ಕಂಡ ಡೇವ್ ಡ್ರಮ್ ಎಂಬ ವ್ಯಾಪಾರಿ, ಯೆಲ್ಲೊಸ್ಟೋನ್ ನದಿಯ ದಂಡೆಯ ತನ್ನ ಜಮೀನಿನಲ್ಲಿ ಸ್ನಾನದ ಬಿಸಿನೀರು, ಶೌಚಾಲಯ, ಸಣ್ಣ ಅಂಗಡಿಯ ಏರ್ಪಾಟು ಮಾಡಿದ. ಜನ ಮುಗಿಬಿದ್ದರು. ಒಂದು ಊರಿನ ಮೈದಾನ ದೇಶವಿಡೀ ಹರಡಿತು.

ಡಿಸ್ನಿಯವರಿಗೂ ಇದು ಬೇಗ ಅರ್ಥವಾಗಿತ್ತು. ಪಾರ್ಕು ತೆರೆದ ಎರಡೇ ತಿಂಗಳೊಳಗೆ, 1971ರ ನವೆಂಬರಿನಲ್ಲಿ, ಬೇ ಲೇಕ್ ಎಂಬ ಸರೋವರದ ದಂಡೆಯ ಕಾಡಿನಲ್ಲಿ ಫೋರ್ಟ್ ವೈಲ್ಡರ್‌ನೆಸ್ ಎಂಬ ಕ್ಯಾಂಪ್‌ಗ್ರೌಂಡ್ ತೆರೆದರು. ಸುಮಾರು 750 ಎಕರೆ, ಸುಮಾರು 800 ಸೈಟು. ಪೈನ್ ಮರಗಳ ನಡುವೆ ಸುತ್ತಿ ಬರುವ ಕಿರುದಾರಿಗಳು, ಪ್ರತಿ ಸೈಟಿಗೂ ಒಂದು ಮರದ ಮೇಜು, ಇದ್ದಿಲ ಒಲೆ, ನೀರಿನ ನಲ್ಲಿ, ಕರೆಂಟಿನ ಕಂಬ. ಒಂದು ಸೈಟಿನಲ್ಲಿ ಹತ್ತು ಜನರವರೆಗೆ ತಂಗಬಹುದು. ದಂಡೆಯಲ್ಲಿ ದೋಣಿ ಹತ್ತಿದರೆ ಮ್ಯಾಜಿಕ್ ಕಿಂಗ್‌ಡಮ್ ಎಂಬ ಪಾರ್ಕಿನ ಬಾಗಿಲಿಗೇ ಇಳಿಸುತ್ತಾರೆ. ದುಬಾರಿ ಹೋಟೆಲಿನವರಿಗೆ ಸಿಗುವ ಕೆಲವು ಸೌಲಭ್ಯಗಳು ಡೇರೆ ಹಾಕಿದವರಿಗೂ ಸಿಗುತ್ತವೆ. ಬೆಳಗ್ಗೆ ಬೇರೆಯವರಿಗಿಂತ ಅರ್ಧ ಗಂಟೆ ಮೊದಲು ಪಾರ್ಕಿನೊಳಗೆ ಬಿಡುತ್ತಾರೆ. ಹೊರಗಿನವರು ದಿನದಿನವೂ ದುಡ್ಡು ಕೊಟ್ಟು ಕಾರು ನಿಲ್ಲಿಸುವ ಕಡೆ ಇವರು ಪುಕ್ಕಟೆ ನಿಲ್ಲಿಸಬಹುದು. ಸಂಜೆ ಬೆಂಕಿ ಹಾಕಿ ಚಿಪ್ ಮತ್ತು ಡೇಲ್ ಎಂಬ ಅಳಿಲುಗಳ ವೇಷದವರೊಡನೆ ಹಾಡು ಹೇಳಿಸುತ್ತಾರೆ, ಅದಕ್ಕೂ ಕಾಸಿಲ್ಲ.

ಇಷ್ಟು ಕೇಳಿದವರು ಮಾಡುವ ಮೊದಲ ಕೆಲಸ, ಊರಿನಲ್ಲೇ ತನ್ನದೇ ಎಂಜಿನ್ನಿರುವ ದೊಡ್ಡದೊಂದು ಕ್ಯಾಂಪರ್, ಅಂದರೆ ಮೋಟರ್‌ಹೋಮ್ ಬಾಡಿಗೆ ಹಿಡಿದು ಹೆದ್ದಾರಿಗೆ ಇಳಿಯುವುದು. ಉಳಿತಾಯ ಸೋರಿ ಹೋಗುವುದು ಅಲ್ಲಿಯೇ.

ಅಟ್ಲಾಂಟಾದಲ್ಲಿರುವ ಒಂದು ಕನ್ನಡ ಕುಟುಂಬವನ್ನು ಕಣ್ಣೆದುರಿಗೆ ತಂದುಕೊಳ್ಳಬಹುದು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಬೇಸಿಗೆಗೆಂದು ಹಾಸನದಿಂದ ಬಂದಿರುವ ಅಜ್ಜ, ಅಜ್ಜಿ. ಅಲ್ಲಿಂದ ಡಿಸ್ನಿಯ ಪಾರ್ಕಿರುವ ಆರ್ಲ್ಯಾಂಡೊಗೆ ಸುಮಾರು 440 ಮೈಲಿ, ಹೋಗಿ ಬಂದರೆ 880. ಡ್ರೈವರ್ ಸೀಟಿನ ಮೇಲೆ ಅಟ್ಟದಂತೆ ಹಾಸಿಗೆಯಿರುವ ಕ್ಲಾಸ್ ಸಿ ಮೋಟರ್‌ಹೋಮ್ ಗ್ಯಾಲನ್ನಿಗೆ ಒಂಬತ್ತು ಮೈಲಿ ಕೊಟ್ಟರೆ ಹೆಚ್ಚು. ಅಲ್ಲಿಗೆ ನೂರು ಗ್ಯಾಲನ್ ಪೆಟ್ರೋಲು. ಗ್ಯಾಲನ್ನಿಗೆ ಮೂರು ಡಾಲರ್ ಎಂದರೂ ಮುನ್ನೂರು ಡಾಲರ್ ರಸ್ತೆಗೇ ಸುರಿದ ಹಾಗೆ. ಅದೇ ದಾರಿಯನ್ನು ಅವರ ಮನೆಯ ಕಾರು ಮೂವತ್ತು ಗ್ಯಾಲನ್ನಿನಲ್ಲಿ ಮುಗಿಸುತ್ತದೆ. ಅನೇಕ ಬಾಡಿಗೆ ಕಂಪನಿಗಳು ಇದರ ಮೇಲೆ ಮೈಲಿಗಿಷ್ಟು ಎಂದು ಪ್ರತ್ಯೇಕ ದುಡ್ಡು ಹಾಕುತ್ತವೆ, ಜನರೇಟರ್ ಓಡಿಸಿದ ಗಂಟೆಗಳಿಗೂ ಲೆಕ್ಕ ಹಿಡಿಯುತ್ತವೆ. ಮೋಟರ್‌ಹೋಮನ್ನು ಸೈಟಿನಲ್ಲಿ ನಿಲ್ಲಿಸಿ ನೀರು, ಕರೆಂಟು, ಚರಂಡಿ ಜೋಡಿಸಿದ ಮೇಲೆ ಹಾಲು ತರಬೇಕೆಂದರೆ ಎಲ್ಲವನ್ನೂ ಬಿಚ್ಚಿ ಹೊರಡಬೇಕು.

ಅನುಭವಸ್ಥರು ಬೇರೆ ದಾರಿ ಹಿಡಿಯುತ್ತಾರೆ. ತಮ್ಮ ಕಾರಿನಲ್ಲೇ ಆರ್ಲ್ಯಾಂಡೊ ತಲುಪುತ್ತಾರೆ. ಫೋರ್ಟ್ ವೈಲ್ಡರ್‌ನೆಸ್ಸಿನ ಸೈಟನ್ನು ತಮ್ಮ ಹೆಸರಿನಲ್ಲಿ ಕಾದಿರಿಸಿ, ಹತ್ತಿರದ ಕಿಸ್ಸಿಮ್ಮಿ, ಡೇವನ್‌ಪೋರ್ಟ್ ಕಡೆ ಟ್ರೇಲರನ್ನು ಬಾಡಿಗೆಗೆ ಕೊಡುವವರಿಗೆ ಸೈಟಿನ ನಂಬರು ಕೊಡುತ್ತಾರೆ. ಅವರು ಟ್ರೇಲರನ್ನು ಎಳೆದು ತಂದು ಮಟ್ಟ ನೋಡಿ ನಿಲ್ಲಿಸಿ, ಪೈಪುಗಳನ್ನೆಲ್ಲ ಜೋಡಿಸಿ, ಮೇಲ್ಚಾವಣಿಯ ಏಸಿ ಹಾಕಿಟ್ಟು ಹೋಗುತ್ತಾರೆ. ಆರ್‌ವಿಶೇರ್, ಔಟ್‌ಡೋರ್ಸಿ ಎಂಬ ಜಾಲತಾಣಗಳಲ್ಲಿ ಖಾಸಗಿ ಮಾಲೀಕರೂ ಹೀಗೆ ತಂದುಕೊಡುವ ಏರ್ಪಾಟು ಇಟ್ಟಿದ್ದಾರೆ. ಎಂಜಿನ್ನೇ ಇಲ್ಲದ ಗಾಡಿಯಾದ್ದರಿಂದ ಟ್ರೇಲರಿನ ಬಾಡಿಗೆಯೂ ಕಡಿಮೆ. ಅಜ್ಜಿಗೆ ಮಾತ್ರೆ ಬೇಕೆಂದರೆ ಕಾರು ಪಕ್ಕದಲ್ಲೇ ಇರುತ್ತದೆ. ಬಜೆಟ್ ನೋಡಿಕೊಂಡು ಹೊರಟವರಿಗೆ ಕ್ಯಾಂಪರ್ ಲಾಭ ತರುವುದು ಅದು ನಿಂತಾಗ.

ನಿಂತ ಗಾಡಿಯಿಂದಲೂ ವಸತಿಯಲ್ಲಿ ಉಳಿಯುವುದು ಜನ ಅಂದುಕೊಂಡಷ್ಟಲ್ಲ. ಟ್ರೇಲರಿಗೆ ದಿನಕ್ಕೆ 120, ಸೈಟಿಗೆ 130 ಎಂದಿಟ್ಟುಕೊಂಡರೆ ರಾತ್ರಿಗೆ 250 ಡಾಲರ್ ಆಯಿತು. ಡಿಸ್ನಿಯ ಅಗ್ಗದ ಹೋಟೆಲುಗಳ ಸಾಮಾನ್ಯ ಕೋಣೆಯಲ್ಲಿ ನಾಲ್ಕೇ ಜನ, ಆರು ಮಂದಿಗೆ ಎರಡು ಕೋಣೆ ಬೇಕು. ಕೋಣೆಗೆ 160 ಎಂದರೆ ರಾತ್ರಿಗೆ 320. ಐದು ರಾತ್ರಿಗೆ ವ್ಯತ್ಯಾಸ 350 ಡಾಲರ್. ತಂದು ನಿಲ್ಲಿಸಿದ್ದಕ್ಕೆ, ತೊಳೆದದ್ದಕ್ಕೆ, ವಿಮೆಗೆ ಎಂದು ಅದರಲ್ಲಿ ಬಹುಪಾಲು ಕೈಬಿಡುತ್ತದೆ. ಗಂಡ ಹೆಂಡತಿ ಇಬ್ಬರೇ ಹೊರಟಿದ್ದರಂತೂ ಕ್ಯಾಂಪರಿನ ಯೋಚನೆ ಬಿಟ್ಟು ಒಂದು ಕೋಣೆ ಹಿಡಿಯುವುದೇ ಜಾಣತನ.

ದುಡ್ಡು ನಿಜವಾಗಿ ಉಳಿಯುವುದು ಒಲೆಯ ಹತ್ತಿರ. ಪಾರ್ಕಿನ ಒಳಗೆ ಕೌಂಟರಿನಲ್ಲಿ ಕೊಳ್ಳುವ ಒಂದು ಹೊತ್ತಿನ ಊಟಕ್ಕೆ ಆರು ಮಂದಿಗೆ ನೂರು ಡಾಲರ್ ಸುಲಭವಾಗಿ ಆಗುತ್ತದೆ. ಸಸ್ಯಾಹಾರಿ ಅಜ್ಜ ಅಜ್ಜಿಯರಿಗೆ ಅಷ್ಟು ಕೊಟ್ಟೂ ಹೊಟ್ಟೆ ತುಂಬಿದ್ದು ಅನುಮಾನ. ಹೊರಗಿನ ತಿಂಡಿಯನ್ನು ಒಳಗೆ ತರಬಾರದು ಎಂಬ ನಿಯಮಕ್ಕೆ ಒಗ್ಗಿಹೋದ ನಮ್ಮ ಜನ ಡಿಸ್ನಿಯಲ್ಲೂ ಹಾಗೆಯೇ ಎಂದು ಸುಮ್ಮನಾಗಿಬಿಡುತ್ತಾರೆ. ಅಲ್ಲಿ ಮನೆಯ ಊಟ ಒಯ್ಯಲು ಅಡ್ಡಿಯಿಲ್ಲ. ಗಾಜಿನ ಪಾತ್ರೆ ಬೇಡ, ಮದ್ಯ ಬೇಡ, ಬಿಸಿ ಮಾಡಿಕೊಳ್ಳುವಂಥದ್ದು ಬೇಡ, ಕೂಲರ್ ಡಬ್ಬಿ ತೀರ ದೊಡ್ಡದಿರಬಾರದು, ಅಷ್ಟೇ. ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ, ಉಪ್ಪಿನಕಾಯಿ ಎಲ್ಲ ನಿರಾತಂಕವಾಗಿ ಗೇಟು ದಾಟುತ್ತವೆ. ತಿಂಡಿಯ ಕೌಂಟರುಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರನ್ನು ಲೋಟದಲ್ಲಿ ಉಚಿತವಾಗಿ ಕೊಡುತ್ತಾರೆ. ಬೆಳಗಿನ ಉಪ್ಪಿಟ್ಟು ಟ್ರೇಲರಿನಲ್ಲಿ, ಮಧ್ಯಾಹ್ನದ್ದು ಡಬ್ಬಿಯಲ್ಲಿ ಆದರೆ ದಿನಕ್ಕೆ ನೂರು ಡಾಲರಿಗೂ ಮೇಲೆ ಉಳಿಯುತ್ತದೆ. ಐದು ದಿನಕ್ಕೆ ಅದು ಬರೋಬ್ಬರಿ ಗಂಟು.

ಆ ಅಡುಗೆಮನೆಗೆ ಅದರದೇ ಶಿಸ್ತಿದೆ. ಅನೇಕ ಬಾಡಿಗೆ ಟ್ರೇಲರುಗಳಿಗೆ ಬರುವುದು 30 ಆಂಪಿಯರಿನ ಒಂದೇ ಲೈನು. ಅಮೆರಿಕದ 120 ವೋಲ್ಟಿನಲ್ಲಿ ಅಂದರೆ ಒಟ್ಟು 3,600 ವಾಟ್. ಏಸಿ ಒಂದೇ ಸುಮಾರು 1,500 ತಿನ್ನುತ್ತದೆ, ಕರೆಂಟಿನ ಗೀಸರ್ ಹೆಚ್ಚುಕಡಿಮೆ ಅಷ್ಟೇ. ಇವೆರಡೂ ಓಡುತ್ತಿರುವಾಗ ಅಜ್ಜಿ ಕಾಫಿಗೆಂದು ಕೆಟಲಿನ ಗುಂಡಿ ಒತ್ತಿದರೆ ಟಪ್ಪೆಂದು ಎಲ್ಲವೂ ಬಂದ್.

“ಲೋ, ಕರೆಂಟು ಹೋಯ್ತಲ್ಲೋ! ಇಲ್ಲೂ ಹೋಗುತ್ತೇನೋ?”

“ಕರೆಂಟ್ ಹೋಗಿಲ್ಲಮ್ಮ, ಬ್ರೇಕರ್ ಬಿದ್ದಿದೆ. ಗೀಸರನ್ನ ಗ್ಯಾಸಿಗೆ ಹಾಕ್ತೀನಿ, ಆಮೇಲೆ ಕೆಟಲ್ ಹಾಕಮ್ಮ.”

ಪರಿಹಾರ ಅಷ್ಟೇ. ಅನೇಕ ಟ್ರೇಲರುಗಳ ಗೀಸರು ಮತ್ತು ಫ್ರಿಜ್ಜು ಕರೆಂಟು, ಪ್ರೊಪೇನ್ ಗ್ಯಾಸು ಎರಡರಲ್ಲೂ ಓಡುತ್ತವೆ. ಸ್ವಿಚ್ಚು ಎಲ್ಲಿದೆ ಎಂದು ಮಾಲೀಕರಿಂದ ಮೊದಲೇ ಕೇಳಿಟ್ಟುಕೊಂಡಿರಬೇಕು. ಇನ್ನು ಒಗ್ಗರಣೆ. ಆ ಇಕ್ಕಟ್ಟಿನ ಗೂಡಿನಲ್ಲಿ ಸಾಸಿವೆ, ಒಣಮೆಣಸಿನಕಾಯಿ ಚಟಪಟ ಎಂದರೆ ಹೊಗೆಯ ಅಲಾರಾಮು ಇಡೀ ಸಾಲಿಗೆ ಕೇಳುವಂತೆ ಕೂಗಿಕೊಳ್ಳುತ್ತದೆ. ಹೊರಗಿನ ಮರದ ಮೇಜಿನ ಮೇಲೆ ಒಂದು ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡರೆ ಒಗ್ಗರಣೆ, ಹಪ್ಪಳ ಎಲ್ಲ ಬಯಲಿನಲ್ಲೇ ಮುಗಿಯುತ್ತದೆ.

ಹೊಸಬರು ಹೆದರುವುದು ಕೊಳಚೆಯ ಟ್ಯಾಂಕಿಗೆ. ಕ್ಯಾಂಪರಿನ ಹೊಟ್ಟೆಯಡಿ ಎರಡಿರುತ್ತವೆ: ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ ಗ್ರೇ ಟ್ಯಾಂಕ್, ಕಕ್ಕಸಿಗೆ ಬ್ಲ್ಯಾಕ್ ಟ್ಯಾಂಕ್. ಸೈಟಿನಲ್ಲಿ ಚರಂಡಿಯ ಬಾಯಿ ಇದ್ದೇ ಇದೆಯಲ್ಲ ಎಂದು ಬ್ಲ್ಯಾಕ್ ಟ್ಯಾಂಕಿನ ತಿರುಪನ್ನು ತೆರೆದೇ ಬಿಡುವವರಿದ್ದಾರೆ. ಹಾಗೆ ಮಾಡಿದರೆ ನೀರು ಹರಿದುಹೋಗಿ ಗಟ್ಟಿಯಾದದ್ದು ತಳದಲ್ಲೇ ಗೂಡು ಕಟ್ಟುತ್ತದೆ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಕೈಗವಸು ಹಾಕಿಕೊಂಡು ಒಮ್ಮೆಲೇ ಬಿಡಬೇಕು. ಅದರ ಹಿಂದೆಯೇ ಗ್ರೇ ಟ್ಯಾಂಕ್ ಬಿಟ್ಟರೆ ಸಾಬೂನು ನೀರು ಪೈಪನ್ನೂ ತೊಳೆದುಕೊಂಡು ಹೋಗುತ್ತದೆ. ಐದು ನಿಮಿಷದ ಕೆಲಸ. ಅದೂ ಬೇಡವೆನ್ನುವವರಿಗೆ ಫೋರ್ಟ್ ವೈಲ್ಡರ್‌ನೆಸ್ಸಿನ ಪ್ರತಿ ಸುತ್ತುದಾರಿಯ ಹತ್ತಿರ ಏಸಿ ಹಾಕಿದ ಸ್ನಾನಗೃಹ, ಶೌಚಾಲಯಗಳಿವೆ. ಬೆಳಗ್ಗೆ ಆರು ಮಂದಿ ಒಂದೇ ಬಚ್ಚಲಿನ ಮುಂದೆ ಸಾಲು ನಿಲ್ಲುವುದೂ ತಪ್ಪುತ್ತದೆ.

ಫ್ಲೋರಿಡಾದ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನಿನಿಂದ ಆಗಸ್ಟಿನವರೆಗೆ ಮಧ್ಯಾಹ್ನ 33 ಡಿಗ್ರಿ, ಮಂಗಳೂರಿನಂಥದೇ ಬೆವರು, ಮೂರು ಗಂಟೆಯ ಮೇಲೆ ಗುಡುಗು ಸಿಡಿಲಿನ ಮಳೆ. ಆ ಹೊತ್ತಿಗೆ ದೋಣಿ ಹತ್ತಿ ಹಿಂದಿರುಗಿ, ಏಸಿಯಲ್ಲಿ ಒಂದು ನಿದ್ದೆ ತೆಗೆದು, ಸಂಜೆ ಮತ್ತೆ ಹೋಗುವ ಕುಟುಂಬಗಳು ಪಾರ್ಕನ್ನು ಚೆನ್ನಾಗಿ ಅನುಭವಿಸುತ್ತವೆ. ವಯಸ್ಸಾದವರನ್ನು ಕರೆದುಕೊಂಡು ಹೋದವರಿಗೆ ಕ್ಯಾಂಪರ್ ಮಾಡುವ ದೊಡ್ಡ ಉಪಕಾರ ಇದು. ಹೊರಡುವಾಗ ಟ್ರೇಲರಿನ ಬದಿಯ ಬಟ್ಟೆಯ ಚಪ್ಪರವನ್ನು ಮರೆಯದೆ ಸುತ್ತಿಡಬೇಕು. ಬಿರುಗಾಳಿಗೆ ಅದು ಕಿತ್ತುಹೋದರೆ ಠೇವಣಿಯೂ ಅದರ ಜೊತೆಗೇ ಹೋಗುತ್ತದೆ.

ಕಷ್ಟವೆಂದರೆ ಆ ಕಾಡಿನ ವಿಸ್ತಾರ. ಒಳಗೆ ಓಡಾಡಲು ಅಲ್ಲಿನ ಬಸ್ಸನ್ನೇ ಕಾಯಬೇಕು. ಡಿಸ್ನಿಯ ಬೇರೆ ಪಾರ್ಕುಗಳಾದ ಎಪ್ಕಾಟ್‌ಗೋ ಆನಿಮಲ್ ಕಿಂಗ್‌ಡಮ್ಮಿಗೋ ಹೋಗಬೇಕೆಂದರೆ ಒಳಬಸ್ಸಿನಿಂದ ಇಳಿದು ಹೊರಬಸ್ಸು ಹಿಡಿಯಬೇಕು, ಗಂಟೆ ಕಳೆದುಹೋಗುತ್ತದೆ. ಗಾಲ್ಫ್ ಕಾರ್ಟ್ ಬಾಡಿಗೆಗೆ ತೆಗೆದುಕೊಂಡರೆ ಹಾಯಾಗಿರುತ್ತದೆ, ಆದರೆ ಉಳಿಸಿದ ಊಟದ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಆಗುತ್ತದೆ. ಆ ಎರಡು ಪಾರ್ಕುಗಳಿಗೆ ಸ್ವಂತ ಕಾರಿನಲ್ಲಿ ಹೋಗುವುದೇ ಮೇಲು, ಪಾರ್ಕಿಂಗ್ ಹೇಗೂ ಉಚಿತ.

ಡಿಸ್ನಿಯ ಹೆಸರೇ ಬೇಕೆಂಬ ಹಟ ಮಕ್ಕಳಿಗಿಲ್ಲದಿದ್ದರೆ ಇನ್ನೂ ಅಗ್ಗದ, ನೆಮ್ಮದಿಯ ಜಾಗಗಳಿವೆ. ಓಹಾಯೊದಲ್ಲಿ ಈರಿ ಸರೋವರದೊಳಕ್ಕೆ ಚಾಚಿಕೊಂಡ ನಾಲಗೆಯಂಥ ನೆಲದ ಮೇಲೆ 1870ರಿಂದಲೂ ಇರುವ ಸೀಡರ್ ಪಾಯಿಂಟ್‌ಗೆ ತನ್ನದೇ ಕ್ಯಾಂಪ್‌ಗ್ರೌಂಡ್ ಇದೆ, ಸೈಟಿನಿಂದ ನಡೆದೇ ಪಾರ್ಕಿಗೆ ಹೋಗಬಹುದು. ಪೆನ್ಸಿಲ್ವೇನಿಯಾದಲ್ಲಿ ಚಾಕೊಲೇಟಿನ ಮಿಲ್ಟನ್ ಹರ್ಷಿ ತನ್ನ ಕಾರ್ಮಿಕರಿಗೆಂದು 1906ರಲ್ಲಿ ತೆರೆದ ಹರ್ಷಿಪಾರ್ಕಿಗೂ ಕ್ಯಾಂಪ್‌ಗ್ರೌಂಡ್ ಇದೆ. ನ್ಯೂಜೆರ್ಸಿಯ ಕನ್ನಡಿಗರಿಗೆ ಅದು ಮೂರು ಗಂಟೆಯೊಳಗಿನ ದಾರಿ.

ಕೈ ಹಿಡಿತದಲ್ಲಿಟ್ಟುಕೊಂಡು ಹೊರಡುವ ಕುಟುಂಬಕ್ಕೆ ಇವೆಲ್ಲಕ್ಕಿಂತ ಹೊಂದುವುದು ಇಂಡಿಯಾನಾದ ಹಾಲಿಡೇ ವರ್ಲ್ಡ್. ಊರಿನ ಹೆಸರು ಸಾಂಟಾ ಕ್ಲಾಸ್. 1946ರಲ್ಲಿ ಲೂಯಿಸ್ ಕೋಚ್ ಎಂಬಾತ ಸಾಂಟಾ ಕ್ಲಾಸ್ ಲ್ಯಾಂಡ್ ಎಂದು ತೆರೆದ ಪಾರ್ಕು ಇದು, ಇಂದಿಗೂ ಅದೇ ಮನೆತನದ ಕೈಯಲ್ಲಿದೆ. ಇಲ್ಲಿ ಪಾರ್ಕಿಂಗಿಗೆ ದುಡ್ಡಿಲ್ಲ, ಸನ್‌ಸ್ಕ್ರೀನಿಗೆ ದುಡ್ಡಿಲ್ಲ, ನೀರಾಟದ ಟ್ಯೂಬಿಗೆ ದುಡ್ಡಿಲ್ಲ, 2000ದಿಂದೀಚೆಗೆ ತಂಪುಪಾನೀಯ ಎಷ್ಟು ಕುಡಿದರೂ ದುಡ್ಡಿಲ್ಲ. ಮರದ ರೋಲರ್ ಕೋಸ್ಟರುಗಳಲ್ಲಿ 2006ರ ವಾಯೇಜ್ ದೊಡ್ಡ ಹೆಸರು ಮಾಡಿದೆ. ಪಕ್ಕದಲ್ಲೇ ಲೇಕ್ ರುಡಾಲ್ಫ್ ಕ್ಯಾಂಪ್‌ಗ್ರೌಂಡ್, ಅಲ್ಲಿಂದ ಪಾರ್ಕಿಗೆ ಪುಕ್ಕಟೆ ಬಸ್ಸು. ಷಿಕಾಗೊದಿಂದ ಕಾರಿನಲ್ಲಿ ಐದು ಗಂಟೆ ಚಿಲ್ಲರೆ. ಬೇಸಿಗೆಯ ವಾರಾಂತ್ಯಗಳಿಗೆ ಸೈಟುಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಭಾನುವಾರ ಸಂಜೆ ತಲುಪಿ ಗುರುವಾರ ಬೆಳಗ್ಗೆ ಹೊರಡುವ ಹಾಗೆ ರಜೆ ಹೊಂದಿಸಿಕೊಂಡವರಿಗೆ ಸೈಟೂ ಸುಲಭವಾಗಿ ಸಿಗುತ್ತದೆ, ವಾಯೇಜಿನ ಮುಂದಿನ ಸಾಲೂ ಚಿಕ್ಕದಾಗಿರುತ್ತದೆ.