ಹಳೆಯ ಬಂಡಿಯ ಅರ್ಘ

ಸಂಸ್ಕೃತದಲ್ಲಿ ಅರ್ಘವೆಂದರೆ ಬೆಲೆ. ಅರ್ಘ್ಯವೆಂದರೆ ಮನೆಗೆ ಬಂದ ಪೂಜ್ಯರಿಗೆ ಮರ್ಯಾದೆಯಾಗಿ ನೀಡುವ ಜಲ. ಎರಡು ಮಾತುಗಳ ಮೂಲವೂ ಒಂದೇ. ಬೆಲೆ ಕಟ್ಟುವುದನ್ನೂ ಗೌರವಿಸುವುದನ್ನೂ ಪೂರ್ವಿಕರು ಒಂದೇ ಬೇರಿನ ಎರಡು ಕವಲುಗಳೆಂದು ಭಾವಿಸಿದ್ದರೆಂದು ತೋರುತ್ತದೆ. ಆದರೆ ಪೇಟೆಯಲ್ಲಿ ಈ ಕವಲುಗಳು ಒಂದೇ ದಿಕ್ಕಿಗೆ ಬೆಳೆಯುವುದು ಅಪೂರ್ವ. ಬಳಕೆಯಲ್ಲಿದ್ದ ಕಾಲದಲ್ಲಿ ಯಾರ ಮರ್ಯಾದೆಗೂ ಪಾತ್ರವಾಗದಿದ್ದ ವಸ್ತುವು, ತಯಾರಿ ನಿಂತು ಮೂವತ್ತು ವರ್ಷಗಳಾದ ಮೇಲೆ, ಹೊಸದಾಗಿದ್ದಾಗಿನ ಬೆಲೆಯ ಹತ್ತುಪಾಲಿಗೆ ಹೋಗುವುದುಂಟು. ಇದನ್ನು ಕಣ್ಣಾರೆ ಕಾಣಬೇಕೆನ್ನುವವರು ಬಹುದೂರ ಹೋಗಬೇಕಾದುದಿಲ್ಲ. ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹೋದರೆ ಸಾಕು.

ಕೋಟೆಗೂ ಲಾಲ್‌ಬಾಗಿಗೂ ನಡುವೆ ಇರುವ ಈ ಪಾಳ್ಯಕ್ಕೆ ಖಲಾಸಿಗಳ ದೆಸೆಯಿಂದ ಹೆಸರು ಬಂದಿತೆಂದು ಹೇಳುವರು. ಖಲಾಸಿಗಳಾದರೋ ರಟ್ಟೆಯ ಬಲದಿಂದ ಬದುಕಿದವರು. ಸ್ಥಳದ ಗುಣ ಇಂದಿಗೂ ಬದಲಾಗಿಲ್ಲ. ಊರೂರಿಗೆ ಹೊರಡುವ ಬಸ್ಸುಗಳು, ಸರಕಿನ ಲಾರಿಗಳ ಕಚೇರಿಗಳು, ತರಕಾರಿಯ ಮೂಟೆಗಳು, ದಾರಿ ಬಿಡಿರೆಂದು ಕೂಗುವ ಹಮಾಲರು, ಇವೆಲ್ಲವೂ ಅಲ್ಲಿ ಒಂದರ ಮೈಗೊಂದು ತಾಗಿಕೊಂಡಿರುವುವು. ಪಕ್ಕದ ಜಯಚಾಮರಾಜೇಂದ್ರ ರಸ್ತೆಯಲ್ಲಿ ಮೋಟಾರಿನ ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿ ನಿಂತಿವೆ; ಒಳಗಲ್ಲಿಗಳಲ್ಲಿ ಗುಜರಿಯವರು ಬಿಚ್ಚಿ ಹರವಿದ ಬಂಡಿಗಳ ಎಲುಬುಗಳು ಬಿದ್ದಿವೆ. ಇಂಥದೊಂದು ಗಲ್ಲಿಯಲ್ಲಿ, ಎರಡು ಮಾರಿನ ಅಗಲದ ಮಳಿಗೆಯಲ್ಲಿ, ಅರುವತ್ತು ದಾಟಿದ ಮೇಸ್ತ್ರಿಯೊಬ್ಬರು ದ್ವಿಚಕ್ರಗಳನ್ನು ರಿಪೇರಿ ಮಾಡುತ್ತ ನಲವತ್ತು ವರ್ಷಗಳನ್ನು ಕಳೆದಿದ್ದಾರೆ. ಹಿಂದೆ ಅವರಲ್ಲಿಗೆ ಬರುತ್ತಿದ್ದವರು ಕೇಳುತ್ತಿದ್ದುದು, "ಇದು ಯಾವಾಗ ಓಡೀತು?" ಎಂದು. ಈಗ ಬರುವವರಲ್ಲಿ ಹಲವರು ಕೇಳುವುದು, "ಇದಕ್ಕೆ ಎಷ್ಟು ಬಂದೀತು?" ಎಂದು.

ಹೀಗೆ ಕೇಳಿಸಿಕೊಳ್ಳುವ ಬಂಡಿಗಳಲ್ಲಿ ಯಮಹಾ ಆರ್.ಎಕ್ಸ್. 100 ಮುಖ್ಯವಾದುದು. ಜಪಾನಿನ ಯಮಹಾ ಸಂಸ್ಥೆಯೂ ಈ ದೇಶದ ಎಸ್ಕಾರ್ಟ್ಸ್ ಸಂಸ್ಥೆಯೂ ಕೂಡಿ 1985ರಲ್ಲಿ ಅದನ್ನು ಪೇಟೆಗೆ ತಂದವು. 98 ಘನ ಸೆಂಟಿಮೀಟರಿನ ಒಂದೇ ಸಿಲಿಂಡರು, 11 ಅಶ್ವಶಕ್ತಿ, 4 ಗೇರು, 100 ಕಿಲೋಗ್ರಾಮಿನ ಆಸುಪಾಸಿನ ತೂಕ, ಲೆಕ್ಕದಲ್ಲಿ ಇಷ್ಟೆ. ಆದರೆ ಅದು ಟೂ ಸ್ಟ್ರೋಕ್ ಯಂತ್ರ. ನಾಲ್ಕು ಸ್ಟ್ರೋಕಿನ ಯಂತ್ರದಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಒಂದು ಸಲ ಇಂಧನ ಉರಿಯುವುದು. ಇದರಲ್ಲಿ ಸುತ್ತಿಗೊಂದು ಸಲ. ಬಂಡಿ ಹಗುರ, ಹೊಡೆತ ಪದೇ ಪದೇ. ಆದಕಾರಣ ಹಿಡಿಯನ್ನು ತಿರುಗಿಸಿದೊಡನೆ ಕರು ಹಗ್ಗ ಬಿಚ್ಚಿದಂತೆ ಚಿಮ್ಮುತ್ತಿದ್ದಿತು. ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಹೊಗೆ ಮಾತ್ರ ಹೆಚ್ಚು. ಹೊಗೆಯ ವಿಷಯದಲ್ಲಿ ಕಾನೂನು ಬಿಗಿಯಾಗುತ್ತ ಬಂದುದರಿಂದ 1996ರಲ್ಲಿ ಅದರ ತಯಾರಿ ನಿಂತಿತು. ಬಂದಾಗ ಅದರ ಬೆಲೆ 20,000 ರೂಪಾಯಿಗಳ ಆಸುಪಾಸು. ಇಂದು ಚೊಕ್ಕಟವಾಗಿ ಅಣಿಗೊಳಿಸಿದ ಒಂದು ಬಂಡಿ ಲಕ್ಷವನ್ನು ದಾಟುವುದು ಸಾಮಾನ್ಯವಾಗಿದೆ. ಅದರ ಅಣ್ಣನೆನ್ನಬಹುದಾದ ರಾಜದೂತ್ 350 ಇನ್ನೂ ವಿಚಿತ್ರ. ಯಮಹಾದ ಆರ್.ಡಿ. 350ರ ಮಾದರಿಯಲ್ಲಿ, ಎರಡು ಸಿಲಿಂಡರುಗಳೊಡನೆ, ಎಸ್ಕಾರ್ಟ್ಸಿನವರು 1983ರಿಂದ ಅದನ್ನು ತಯಾರಿಸಿದರು. ಪೆಟ್ರೋಲನ್ನು ಅಗಸ್ತ್ಯನು ಸಮುದ್ರವನ್ನು ಕುಡಿದಂತೆ ಕುಡಿಯುವುದೆಂದು ಜನ ಹೆದರಿ ದೂರವಿಟ್ಟರು. ದಶಕ ಮುಗಿಯುವ ವೇಳೆಗೆ ತಯಾರಿ ನಿಂತುಹೋಯಿತು. ಅಂದು ಕೊಳ್ಳುವವರಿಲ್ಲದೆ ನಿಂತ ಆ ಬಂಡಿಯನ್ನೇ ಇಂದು ಹುಡುಕಿಕೊಂಡು ಬರುವವರು ಊರಿಂದೂರಿಗೆ ಅಲೆಯುತ್ತಿದ್ದಾರೆ.

ಕಲಾಸಿಪಾಳ್ಯದ ಈ ಸಣ್ಣ ಅಲೆಗೆ ಹೊರಲೋಕದಲ್ಲಿ ಒಂದು ದೊಡ್ಡ ಅಲೆಯ ನಂಟಿದೆ. ಇದೇ ಯಮಹಾ ಸಂಸ್ಥೆಯು ಟೊಯೋಟಾದವರೊಡನೆ ಸೇರಿ 1967ರಿಂದ 1970ರ ವರೆಗೆ 2000 ಜಿ.ಟಿ. ಎಂಬ ಕ್ರೀಡಾಕಾರನ್ನು ತಯಾರಿಸಿತು. ತಯಾರಾದುವು ಸುಮಾರು 350 ಮಾತ್ರ. ಅಮೆರಿಕದಲ್ಲಿ ಅಂದಿನ ಬೆಲೆ 7,000 ಡಾಲರುಗಳ ಆಸುಪಾಸು. ಅಷ್ಟು ಕೊಟ್ಟು ಜಪಾನಿನ ಕಾರನ್ನು ಕೊಳ್ಳುವುದೇ ಎಂದು ಹಣವಂತರು ಹುಬ್ಬೇರಿಸಿದ ಕಾಲವದು. ಅಂಥ ಒಂದು ಕಾರು 2013ರ ಹರಾಜಿನಲ್ಲಿ 11 ಲಕ್ಷ 55 ಸಾವಿರ ಡಾಲರುಗಳಿಗೆ ಹೋಯಿತು. ಪಂದ್ಯಗಳಲ್ಲಿ ಓಡಿದ್ದ ಇನ್ನೊಂದು 2022ರಲ್ಲಿ 25 ಲಕ್ಷ ಡಾಲರುಗಳನ್ನು ಮೀರಿತು. ಚಲನಚಿತ್ರವೊಂದರಲ್ಲಿ ನಟ ಪಾಲ್ ವಾಕರ್ ಓಡಿಸಿದ್ದ ನಿಸ್ಸಾನ್ ಸ್ಕೈಲೈನ್ 2023ರಲ್ಲಿ 13 ಲಕ್ಷ 57 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಪರದೇಶದ ಕಾರು 25 ವರ್ಷ ಹಳೆಯದಾದರೆ ಅಮೆರಿಕಕ್ಕೆ ತರಿಸಿಕೊಳ್ಳುವುದು ಸುಲಭವೆಂಬ ಅಲ್ಲಿಯ ಕಾನೂನಿನಿಂದಾಗಿ, ಜಪಾನಿನ ಒಂದೊಂದು ಮಾದರಿಯೂ ಆ ವಯಸ್ಸನ್ನು ಮುಟ್ಟಿದಂತೆಲ್ಲ ಹಡಗೇರಿ ಹೋಗುತ್ತಿದೆ.

ಈ ಏರಿಕೆಯ ಕಾರಣವನ್ನು ಹುಡುಕಹೊರಟವರಿಗೆ ಎರಡು ಸಂಗತಿಗಳು ಕಾಣುವುವು. ಮೊದಲನೆಯದು ವಿರಳತೆ, ಮಾಡುವುದು ನಿಂತು, ಇದ್ದುವು ಗುಜರಿಗೆ ಹೋಗಿ, ಉಳಿದುವು ಕೆಲವೇ ಆದವು. ಎರಡನೆಯದು ವಯಸ್ಸು. ಇಪ್ಪತ್ತರ ಹರೆಯದಲ್ಲಿ ಪಕ್ಕದ ಮನೆಯವನ ಬಂಡಿಯನ್ನು ಬಾಯಿ ಬಿಟ್ಟು ನೋಡಿದವನ ಕೈಗೆ ಐವತ್ತರಲ್ಲಿ ಹಣ ಬರುವುದು. ಆಗ ಅವನು ಕೊಳ್ಳುವುದು ಬಂಡಿಯನ್ನೆಂದು ಮಾರುವವನು ತಿಳಿಯುವನು. ಕೊಳ್ಳುವವನಿಗೆ ಬೇಕಾದುದು ಆ ಇಪ್ಪತ್ತು ವರ್ಷ. ಹೋದ ಹರೆಯಕ್ಕೆ ಬೆಲೆಯೆಷ್ಟೆಂದು ಯಾವ ಪೇಟೆಯೂ ಗೊತ್ತುಮಾಡಿಲ್ಲವಾದುದರಿಂದ ಬಂಡಿಯ ಬೆಲೆಗೂ ಮೇರೆ ಇಲ್ಲದಂತಾಗಿದೆ.

ಬೆಲೆ ಏರಿದಂತೆ ಪರೀಕ್ಷೆಯೂ ಬಿಗಿಯಾಗಿದೆ. ಕೊಳ್ಳುವವರಿಗೆ ಬೇಕಾದುದು "ಒರಿಜಿನಲ್". ಆರ್.ಎಕ್ಸ್. 100ರ ಮೊದಮೊದಲಿನ ಬಂಡಿಗಳಲ್ಲಿ ಜಪಾನಿನಿಂದಲೇ ಬಂದ ಭಾಗಗಳಿದ್ದುವು. ಅವುಗಳ ಮೇಲಿನ ಅಚ್ಚನ್ನು ಭೂತಗನ್ನಡಿ ಹಿಡಿದು ನೋಡುವವರುಂಟು. ಇಲ್ಲಿ ಪ್ರಾಚೀನವಾದೊಂದು ವಿವಾದ ಮತ್ತೆ ತಲೆಯೆತ್ತುವುದು. ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ಭಿಕ್ಷು ನಾಗಸೇನನು ಮಿಲಿಂದ ರಾಜನನ್ನು ಕೇಳುತ್ತ ಹೋಗಿ, ಇವೆಲ್ಲ ಕೂಡಿದಾಗ ಬಳಸುವ ಒಂದು ಹೆಸರೇ ರಥವೆಂದು ಒಪ್ಪಿಸಿದನು. ನೈಯಾಯಿಕರಾದರೋ ಬಟ್ಟೆಯಿಂದ ಒಂದು ನೂಲನ್ನು ಎಳೆದರೂ ಹಳೆಯ ಪಟವು ನಾಶವಾಗಿ ಖಂಡಪಟವೆಂಬ ಬೇರೊಂದು ಪಟವು ಹುಟ್ಟುವುದೆಂದು ಸಾಧಿಸುವರು. ಲಕ್ಷ ರೂಪಾಯಿ ಹಿಡಿದು ಬರುವ ಸಂಗ್ರಾಹಕರೆಲ್ಲರೂ ತಿಳಿದೋ ತಿಳಿಯದೆಯೋ ನೈಯಾಯಿಕರು. ದಿನಬೆಳಗಾದರೆ ಒಂದು ಬಂಡಿಯ ಭಾಗವನ್ನು ಮತ್ತೊಂದಕ್ಕೆ ಹಾಕಿ ಎರಡನ್ನೂ ಓಡಿಸುವ ಮೇಸ್ತ್ರಿಗಳು ನಾಗಸೇನನ ಪಕ್ಷದವರು. ಈ ಎರಡು ದರ್ಶನಗಳು ಒಂದು ಮಧ್ಯಾಹ್ನ ಆ ಮಳಿಗೆಯ ಮುಂದೆ ಎದುರೆದುರಾದುವು.

ಚಾಮರಾಜಪೇಟೆಯ ನಿವೃತ್ತ ಗುಮಾಸ್ತೆಯೊಬ್ಬರು 1986ರಲ್ಲಿ ಕಂತಿನ ಮೇಲೆ ಕೊಂಡ ಆರ್.ಎಕ್ಸ್. 100 ಒಂದನ್ನು ಇಂದಿಗೂ ಇಟ್ಟುಕೊಂಡಿದ್ದಾರೆ. ಕಚೇರಿ, ಸೊಸೈಟಿಯ ಸೀಮೆಎಣ್ಣೆ, ಹೆಂಡತಿಯ ಹೆರಿಗೆ, ಮಕ್ಕಳ ಶಾಲೆ, ಎಲ್ಲಕ್ಕೂ ಅದೇ ಬಂಡಿ. 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ಅದನ್ನು ಒಯ್ದು ತೋರಿಸಿ ನೋಂದಣಿಯನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ರಿಪೇರಿಯೆಲ್ಲವೂ ಈ ಮೇಸ್ತ್ರಿಯವರ ಕೈಯದೇ. ಕಳೆದ ಮಳೆಗಾಲದಲ್ಲಿ ಅವರ ಹಳೆಯ ಮನೆಯ ತಾರಸಿ ಸೋರತೊಡಗಿತು. ಗಾರೆಯವನು ಹೇಳಿದ ಮೊತ್ತಕ್ಕೂ ಪಿಂಚಣಿಗೂ ಹೊಂದಿಕೆಯಾಗದೆ ಬಂಡಿಯನ್ನು ಮಾರುವುದೆಂದು ತೀರ್ಮಾನಿಸಿದರು. ಕೊಳ್ಳಬಂದವನು ಹೊಸ ಬಡಾವಣೆಯ ತರುಣನು; ವಿನಯವಂತನು; ಒಂದೂವರೆ ಲಕ್ಷಕ್ಕೆ ಒಪ್ಪಿದ್ದನು. ಹಣ ಕೊಡುವ ಮುನ್ನ ಮೇಸ್ತ್ರಿಯವರ ಬಾಯಿಂದ ಒಂದು ಮಾತು ಕೇಳಬೇಕೆಂದು ಮಾತ್ರ ಬಯಸಿದನು.

"ಮೇಸ್ತ್ರಿಗಳೆ, ಸಿಲಿಂಡರು ಬಂಡಿಯೊಡನೆ ಬಂದದ್ದೇ ತಾನೆ?" ಎಂದು ಅವನು ಕೇಳಿದನು.

ಗುಮಾಸ್ತೆಯವರು ಎದುರಿನ ಗೋಡೆಯನ್ನು ನೋಡುತ್ತಿದ್ದರು. ಆ ಸಿಲಿಂಡರು ಸವೆದು, ನಾಲ್ಕು ಬಾರಿ ಬೋರ್ ಹೊಡೆಸಿ, ಇನ್ನು ಹೊಡೆಸಲು ಲೋಹವಿಲ್ಲವಾದಾಗ, ಗುಜರಿಯಲ್ಲಿ ಬಿಚ್ಚಿಟ್ಟಿದ್ದ ಮತ್ತೊಂದು ಬಂಡಿಯದನ್ನು ತಂದು ಕೂರಿಸಿದ್ದುದು ಇಬ್ಬರಿಗೂ ಗೊತ್ತು. ಅಂದು ಕೈಯಲ್ಲಿ ಹಣವಿಲ್ಲದ ಗುಮಾಸ್ತೆಯವರಿಂದ ಮೇಸ್ತ್ರಿಯವರು ಮೂರು ತಿಂಗಳ ಅನಂತರ ಕೂಲಿಯನ್ನು ಪಡೆದಿದ್ದರು.

"ಅಲ್ಲ ಸ್ವಾಮಿ," ಎಂದರು ಮೇಸ್ತ್ರಿಗಳು, "ಸಿಲಿಂಡರು ಬೇರೆಯದು, ಟ್ಯಾಂಕೂ ಬೇರೆಯದು. ನಾನೇ ಹಾಕಿದ್ದು. ಗಾಡಿ ಮಾತ್ರ ಒಂದೇ ಒದೆಗೆ ಹೊರಡುತ್ತದೆ."

ತರುಣನು ಕೋಪಿಸಿಕೊಳ್ಳಲಿಲ್ಲ. ಹಾಗಾದರೆ ಒಂದು ಲಕ್ಷಕ್ಕಿಂತ ಮೇಲೆ ಕೊಡಲಾರೆನೆಂದನು. ಗುಮಾಸ್ತೆಯವರು, "ಕೊಂಡ ಮೇಲೆ ಓಡಿಸುತ್ತೀರೇನಪ್ಪ?" ಎಂದು ಕೇಳಿದರು. ಹಜಾರದಲ್ಲಿ ಗಾಜಿನ ಹಿಂದೆ ನಿಲ್ಲಿಸುವೆನೆಂದೂ, ಓಡಿಸಿದರೆ ಬೆಲೆ ಕುಗ್ಗುವುದೆಂದೂ ಅವನು ಮುಚ್ಚುಮರೆಯಿಲ್ಲದೆ ಹೇಳಿದನು. ವ್ಯಾಪಾರ ಮುರಿಯಿತು. ಗುಮಾಸ್ತೆಯವರು ಮೇಸ್ತ್ರಿಯವರ ಕಡೆಗೆ ತಿರುಗಿಯೂ ನೋಡದೆ, ಮಾತನಾಡದೆ, ಬಂಡಿಯನ್ನೇರಿ ಹೊರಟುಹೋದರು. ಐವತ್ತು ಸಾವಿರ ರೂಪಾಯಿಗಳು ಮೇಸ್ತ್ರಿಯವರ ಒಂದು ಮಾತಿನಲ್ಲಿ ಹೋದುವೆಂದು ಅವರಿಗೆ ತೋರಿದ್ದರೆ ಆಶ್ಚರ್ಯವೇನು? ಅಸತ್ಯ ನುಡಿಯಲು ಅವರೂ ಹೇಳಿರಲಿಲ್ಲ, ಮೌನವಾಗಿ ಕೇಳಿದ್ದರು.

ಇಲ್ಲಿ ಯಮಹಾ ಸಂಸ್ಥೆಯ ಮೂಲವನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು. 1887ರಲ್ಲಿ ಜಪಾನಿನ ಹಮಾಮತ್ಸು ಪಟ್ಟಣದ ಪ್ರಾಥಮಿಕ ಶಾಲೆಯ ಆರ್ಗನ್ ವಾದ್ಯ ಕೆಟ್ಟುಹೋಯಿತು. ಅದನ್ನು ಸರಿಪಡಿಸಲು ಕರೆದದ್ದು ತೊರಾಕುಸು ಯಮಹಾ ಎಂಬ ಕುಶಲಕರ್ಮಿಯನ್ನು. ಬಿಚ್ಚಿ ನೋಡಿದವನು ಅದರ ಮರ್ಮವನ್ನು ತಿಳಿದು ತಾನೇ ವಾದ್ಯಗಳನ್ನು ಮಾಡತೊಡಗಿದನು. ಆ ವಾದ್ಯದ ಕಾರ್ಖಾನೆಯಿಂದಲೇ 1955ರಲ್ಲಿ ಮೋಟಾರ್ ಸೈಕಲಿನ ಸಂಸ್ಥೆ ಕವಲೊಡೆಯಿತು. ಇಂದಿಗೂ ಅದರ ಲಾಂಛನ ಶ್ರುತಿ ಹಿಡಿಯುವ ಮೂರು ಕವೆಗಳು. ಲಕ್ಷಾಂತರ ಡಾಲರು ಬಾಳುವ ಆ 2000 ಜಿ.ಟಿ. ಕಾರಿನ ವಂಶವೃಕ್ಷದ ಬುಡದಲ್ಲಿಯೂ, ಕಲಾಸಿಪಾಳ್ಯದಲ್ಲಿ ಹೊಗೆ ಉಗುಳುವ ಬಂಡಿಯ ಬುಡದಲ್ಲಿಯೂ ಕುಳಿತಿರುವವನು ಒಬ್ಬ ರಿಪೇರಿಯವನು. ಹರಾಜಿನ ಸುತ್ತಿಗೆ ಬಿದ್ದಾಗ ಹಣ ಸಲ್ಲುವುದು ಒಡೆಯನಿಗೆ. ಮೂವತ್ತು ನಲವತ್ತು ವರ್ಷ ಮಸಿ ಕೆರೆದು, ರಿಂಗು ಬದಲಿಸಿ, ವಸ್ತುವನ್ನು ಜೀವಸಹಿತ ಉಳಿಸಿದ ಕೈಗೆ ಅದರಲ್ಲಿ ಪಾಲಿಲ್ಲ. ಅಷ್ಟೇ ಅಲ್ಲದೆ, ಉಳಿಸುವುದಕ್ಕಾಗಿ ಆ ಕೈ ಮಾಡಿದ ಒಂದೊಂದು ಕೆಲಸವೂ ಬೆಲೆಯ ಪಟ್ಟಿಯಲ್ಲಿ ಕಳಂಕವೆಂದು ದಾಖಲಾಗುವುದು. ಇಟ್ಟು ಮುಚ್ಚಿದ ಬಂಡಿಗೆ ಅರ್ಘ ಹೆಚ್ಚು. ದುಡಿದು ಸವೆದು ಮತ್ತೆ ಎದ್ದ ಬಂಡಿಗೆ ಕಡಿಮೆ.

ಸುಮಾರು ಒಂದು ತಿಂಗಳಾದ ಮೇಲೆ ಗುಮಾಸ್ತೆಯವರು ಮತ್ತೆ ಗಲ್ಲಿಗೆ ಬಂದರು. ತಾರಸಿಯ ಮೇಲೆ ಟಾರ್ಪಾಲು ಹೊದಿಸಿದ್ದಾಯಿತೆಂದೂ, ಪೂರ್ತಿ ಕೆಲಸ ಮುಂದಿನ ವರ್ಷಕ್ಕಾಯಿತೆಂದೂ, ಕಾರ್ಬುರೇಟರಿನಲ್ಲಿ ಕಸ ಸೇರಿದಂತಿದೆಯೆಂದೂ ಒಂದೇ ಉಸಿರಿನಲ್ಲಿ ಹೇಳಿದರು. ಹಿಂದಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಮೇಸ್ತ್ರಿಗಳು ಜೆಟ್ಟನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ಊದಿ ಮತ್ತೆ ಕೂರಿಸಿದರು. ಕೂಲಿ ನೂರೈವತ್ತು. ಗುಮಾಸ್ತೆಯವರು ಇನ್ನೂರರ ನೋಟು ಕೊಟ್ಟು, ಐವತ್ತನ್ನು ಪಡೆದು ಜೇಬಿಗೆ ಹಾಕಿಕೊಂಡರು. ಹುಡುಗನು ತಂದ ಚಹದಲ್ಲಿ ಅರ್ಧವನ್ನು ಮೇಸ್ತ್ರಿಗಳು ಅವರ ಲೋಟಕ್ಕೆ ಬಗ್ಗಿಸಿದರು. ಅದನ್ನು ನಿಂತೇ ಕುಡಿದು, ಗುಮಾಸ್ತೆಯವರು ಬಂಡಿಯನ್ನು ಒದೆದರು. ಅದು ಒಂದೇ ಒದೆಗೆ ಹೊರಟಿತು.